ಪಟ್ಟಿಯಲ್ಲಿ ಬರೆಯದ ಮನೆ

ದೂರದ ಊರಿಗೆ ಹೊರಡುವವರು ನೋಡಬೇಕಾದ ಸ್ಥಳಗಳ ಪಟ್ಟಿಯೊಂದನ್ನು ಬರೆದುಕೊಳ್ಳುವುದು ವಾಡಿಕೆ. ಹಾಗೆ ಬರೆಯುವಾಗ ಆ ಊರಿನ ಪರಿಚಯವಾಗುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ನನ್ನ ಮನಸ್ಸಿನ ಪರಿಚಯವೂ ನನಗಾಗಬೇಕಾದೀತೆಂದು ಎಣಿಸಿರಲಿಲ್ಲ. ಅದನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ನಮ್ಮ ಮಗಳು ನಮ್ಮಿಬ್ಬರನ್ನೂ ಇಟಲಿ ದೇಶದ ಫ್ಲಾರೆನ್ಸ್ ನಗರಕ್ಕೆ ಕರೆದಿದ್ದಾಳೆ. ಬರುವ ಪಾಸ್ಖ ಹಬ್ಬ ಕಳೆದ ಮೇಲೆ ನಾಲ್ಕು ದಿನ ಅಲ್ಲಿ ಮೂವರೂ ಒಟ್ಟಿಗೆ ಇರುವುದೆಂದು ನಿಶ್ಚಯವಾಗಿದೆ. ನಾವು ವಿಮಾನದಲ್ಲಿ ರೋಮ್ ತಲುಪಿ, ಅಲ್ಲಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ಪ್ರಯಾಣ ಮಾಡಬೇಕು. ತಮ್ಮಲ್ಲಿಯೂ ಯಾರಾದರೂ ಹೊರಡುವವರಿದ್ದರೆ ಉಪಯೋಗಕ್ಕೆ ಬರಲೆಂದು ಒಂದೆರಡು ಮಾತು ಹೇಳುತ್ತೇನೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಸಲ್ಲಿಸಬಹುದು. ಕಡೆಯ ಪಕ್ಷ 15 ದಿನ ಮುಂಚೆ ಸಲ್ಲಿಸಲೇಬೇಕು. 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಅಲ್ಲಿನ ಉಫೀಜಿ, ಅಕಾಡೆಮಿಯಾ ಎಂಬ ಎರಡು ದೊಡ್ಡ ಕಲಾಶಾಲೆಗಳಿಗೂ ಸೋಮವಾರ ರಜೆ. ಟಿಕೆಟನ್ನು ಮನೆಯಿಂದಲೇ ಕಾದಿರಿಸದಿದ್ದರೆ ಅರ್ಧ ದಿನ ಸಾಲಿನಲ್ಲಿಯೇ ಕಳೆದುಹೋಗುತ್ತದೆ. ದೇವಾಲಯಗಳಿಗೆ ಭುಜ, ಮಂಡಿ ಮುಚ್ಚುವ ಉಡುಪಿನಲ್ಲಿ ಹೋಗಬೇಕು. ಭಾನುವಾರ ಪೂಜೆಗಳಿರುವುದರಿಂದ ಪ್ರವಾಸಿಗರಿಗೆ ದೊರೆಯುವ ಸಮಯ ಕಡಿಮೆ.

ಇಷ್ಟೆಲ್ಲ ತಿಳಿದುಕೊಂಡು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ನಾಲ್ಕು ದಿನಕ್ಕೆ ಇಪ್ಪತ್ಮೂರು ಸ್ಥಳಗಳನ್ನು ಬರೆದೆ. ನಿವೃತ್ತ ಉಪಾಧ್ಯಾಯನಿಗೆ ವೇಳಾಪಟ್ಟಿಯೆಂದರೆ ಇಂದಿಗೂ ಒಂದು ಸಂಭ್ರಮ. ಪತ್ನಿ ಕನ್ನಡಕ ಹಾಕಿಕೊಂಡು ಅದನ್ನು ಓದಿ, "ರೀ, ಇದರಲ್ಲಿ ಒಂಬತ್ತು ದೇವಾಲಯ ಬರೆದಿದ್ದೀರಿ. ಬಲಿಪೂಜೆ ಯಾವ ದಿನ, ಯಾವ ಹೊತ್ತಿಗೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ದೇವಾಲಯಗಳನ್ನು ನೋಡಲು ನಿಮಿಷಗಳನ್ನು ಎಣಿಸಿಟ್ಟಿದ್ದೆ. ಒಂದರಲ್ಲಿಯೂ ಮೊಣಕಾಲೂರಲು ಸಮಯ ಇಟ್ಟಿರಲಿಲ್ಲ. ಭಾನುವಾರದ ಎದುರಿಗಿದ್ದ ಐದು ಹೆಸರುಗಳನ್ನು ಅಲ್ಲಿಯೇ ಹೊಡೆದುಹಾಕಿದೆ.

ಆಮೇಲೆ ಹೊಡೆದದ್ದು ಪ್ರಧಾನಾಲಯದ ಮಹಾಗುಮ್ಮಟ. ಪುಷ್ಪದ ಸಂತ ಮರಿಯಮ್ಮನವರ ಹೆಸರಿನ ಆ ಆಲಯಕ್ಕೆ 1296ರಲ್ಲಿ ಅಸ್ತಿಭಾರ ಹಾಕಿದರು. ಅಷ್ಟು ವಿಶಾಲವಾದ ನಡುಭಾಗಕ್ಕೆ ಗುಮ್ಮಟ ಮುಚ್ಚುವುದು ಹೇಗೆಂದು ತಿಳಿಯದೆ ಎಷ್ಟೋ ವರ್ಷ ಅದು ತೆರೆದೇ ಇತ್ತು. ಕಡೆಗೆ 1420ರಲ್ಲಿ ಬ್ರುನೆಲೆಸ್ಕಿ ಎಂಬ ಶಿಲ್ಪಿ ಕೆಲಸ ಆರಂಭಿಸಿ, ನೆಲದಿಂದ ಮರದ ಆಸರೆ ಕೊಡದೆಯೇ ಒಂದರೊಳಗೊಂದು ಎರಡು ಇಟ್ಟಿಗೆಯ ಗುಮ್ಮಟಗಳನ್ನು ಮೇಲೇರಿಸಿ 1436ರಲ್ಲಿ ಮುಗಿಸಿದ. ಅದರ ತುದಿಗೆ ಹೋಗಲು 463 ಮೆಟ್ಟಿಲುಗಳನ್ನು ಹತ್ತಬೇಕು, ಲಿಫ್ಟ್ ಇಲ್ಲ. ನನ್ನ ಪತ್ನಿಯ ಮಂಡಿನೋವು ನಮ್ಮ ಬೀದಿಗೆಲ್ಲ ಗೊತ್ತು. "ನೀವು ಹತ್ತಿ ಬನ್ನಿ, ನಾನು ಕೆಳಗೆ ಜಪಸರ ಹೇಳುತ್ತಿರುತ್ತೇನೆ" ಎಂದಳು. ಕೆಳಗೆ ನಿಂತು ಕತ್ತೆತ್ತಿ ನೋಡಿದರೂ ಅದೇ ಗುಮ್ಮಟವೇ ಅಲ್ಲವೇ? ಇಬ್ಬರೂ ಕೆಳಗೇ ಇರುವುದೆಂದಾಯಿತು.

ಇನ್ನು ಮೂರನೆಯ ದಿನದ ವಿಷಯ. ಆ ದಿನದ ಮೊದಲ ಹೆಸರು ಅಕಾಡೆಮಿಯಾದಲ್ಲಿರುವ ಮೈಕೆಲೆಂಜೆಲೊನ ದಾವೀದ. ಆ ಶಿಲ್ಪದ ಅಮೃತಶಿಲೆಯನ್ನು ಅವನಿಗಿಂತ ಮುಂಚೆ ಬೇರೆಯವರು ಕೆತ್ತತೊಡಗಿ ಕೈಬಿಟ್ಟಿದ್ದರು. ಹತ್ತಾರು ವರ್ಷ ಅದು ಪ್ರಧಾನಾಲಯದ ಅಂಗಳದಲ್ಲಿ ಮಳೆಬಿಸಿಲಿಗೆ ಬಿದ್ದಿತ್ತು. 1501ರಲ್ಲಿ ಮೈಕೆಲೆಂಜೆಲೊ ಅದನ್ನು ಕೈಗೆತ್ತಿಕೊಂಡು 1504ರಲ್ಲಿ ಹದಿನೇಳು ಅಡಿಯ ದಾವೀದನನ್ನು ಲೋಕಕ್ಕೆ ಕೊಟ್ಟ. ಈ ಕಥೆಯನ್ನು ಪತ್ನಿಗೆ ಎರಡು ಸಲ ಓದಿ ಹೇಳಿದ್ದೆ. ಫೋನಿನಲ್ಲಿ ಮಗಳಿಗೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಹೀಗೆಂದಳು: "ಅಪ್ಪಾ, ಅಲ್ಲಿಂದ ಐದು ನಿಮಿಷ ನಡೆದರೆ ಇನ್ನೊಂದು ಮನೆಯಿದೆ. ಅದನ್ನು ಯಾಕೆ ಬರೆದಿಲ್ಲ?"

ಯಾವ ಮನೆಯೆಂದು ನನಗೆ ಗೊತ್ತಿತ್ತು. ನಕ್ಷೆಯಲ್ಲಿ ನೋಡಿದ್ದೆ, ಅದರ ವಿಷಯ ಓದಿಯೂ ಇದ್ದೆ. "ಸಮಯ ಸಾಲದು, ಮಗಳೇ" ಎಂದೆ. ಅವಳು ಮರುಮಾತಾಡಲಿಲ್ಲ.

ಅದರ ಹೆಸರು ಮುಗ್ಧ ಮಕ್ಕಳ ಆಶ್ರಯಾಲಯ. ಹೆರೋದನ ಕಾಲದಲ್ಲಿ ಪ್ರಾಣ ತೆತ್ತ ಹಸುಳೆಗಳ ಸ್ಮರಣೆಗೆ ಆ ಹೆಸರು. ರೇಷ್ಮೆ ವ್ಯಾಪಾರಿಗಳ ಸಂಘವು ವೆಚ್ಚ ವಹಿಸಿ, ಅದೇ ಬ್ರುನೆಲೆಸ್ಕಿಯಿಂದ 1419ರಲ್ಲಿ ಕಟ್ಟಡದ ಕೆಲಸ ಆರಂಭಿಸಿತು. 1445ರಲ್ಲಿ ಅದು ತೆರೆಯಿತು. ಫೆಬ್ರವರಿ 5ರಂದು, ಸಂತ ಅಗಾತಳ ಹಬ್ಬದ ದಿನ, ಮೊದಲ ಹೆಣ್ಣು ಮಗು ಅಲ್ಲಿಗೆ ಬಂತು. ಅಗಾತ ಎಂದೇ ಹೆಸರಿಟ್ಟರು. ಕಂಬಸಾಲಿನ ಕಮಾನುಗಳ ನಡುವೆ ನೀಲಿ ಬಣ್ಣದ ದುಂಡು ಫಲಕಗಳಿವೆ. ಒಂದೊಂದರಲ್ಲಿಯೂ ಬಟ್ಟೆ ಸುತ್ತಿದ ಹಸುಗೂಸೊಂದು ಕೈಚಾಚಿ ನಿಂತಿದೆ. ಮಗುವನ್ನು ಬಿಟ್ಟುಹೋಗುತ್ತಿದ್ದ ತಾಯಂದಿರಲ್ಲಿ ಅನೇಕರು ಅದರ ಮೈಮೇಲೆ ಒಂದು ಗುರುತು ಇಡುತ್ತಿದ್ದರು: ಎರಡಾಗಿ ತುಂಡರಿಸಿದ ಪದಕದ ಅರ್ಧ, ಒಂದು ಮಣಿ, ಒಂದು ರಿಬ್ಬನ್. ಎಂದಾದರೊಂದು ದಿನ ತಿರುಗಿ ಬಂದರೆ ಉಳಿದರ್ಧವನ್ನು ಜೋಡಿಸಿ ಮಗುವನ್ನು ಪಡೆಯಬಹುದೆಂಬ ಆಸೆ. ಹತ್ತೊಂಬತ್ತನೆಯ ಶತಮಾನದ ಅಂಥ ಗುರುತುಗಳನ್ನು ಸಣ್ಣ ಸಣ್ಣ ಡ್ರಾಯರುಗಳಲ್ಲಿ ಇಂದಿಗೂ ಕಾಪಾಡಿದ್ದಾರೆ.

ಪ್ರಿಯ ಓದುಗರೇ, ನಮ್ಮ ಮಗಳು ನಮಗೆ ದೊರೆತದ್ದು ಕನ್ಯಾಸ್ತ್ರೀಯರು ನಡೆಸುತ್ತಿದ್ದ ಶಿಶುಗೃಹವೊಂದರಿಂದ. ಆಗ ಅವಳಿಗೆ ಎಂಟು ತಿಂಗಳು. ನಮ್ಮ ಧರ್ಮಕೇಂದ್ರದ ಹಿರಿಯರಿಗೆ ಇದು ತಿಳಿದ ವಿಷಯ. ಹನ್ನೆರಡನೆಯ ವಯಸ್ಸಿನಲ್ಲಿ ಅವಳಿಗೂ ಹೇಳಿದ್ದೆವು. ಹೇಳಿದ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ನಾವು ಅದನ್ನು ಪ್ರೀತಿಯೆಂದು ತಿಳಿದಿದ್ದೆವು. ಅದರಲ್ಲಿ ಭಯವೂ ಸೇರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಯಾರೋ ಕೈಬಿಟ್ಟ ಕಲ್ಲಿನ ಕಥೆಯನ್ನು ಎರಡೆರಡು ಸಲ ಓದಿ ಹೇಳಿದ ನಾನು, ಕೈಬಿಟ್ಟ ಮಕ್ಕಳ ಮನೆಯ ಹೆಸರನ್ನು ಪಟ್ಟಿಯಲ್ಲಿ ಬರೆಯದೆ ದಾಟಿಹೋಗಲು ನೋಡಿದ್ದೆ.

ಆ ರಾತ್ರಿ ಪತ್ನಿ ಬೀರುವಿನ ಒಳಗಿನಿಂದ ಒಂದು ಕಾಗದದ ಪೊಟ್ಟಣವನ್ನು ತೆಗೆದಳು. ಅದರಲ್ಲಿ ಕರಿಮಣಿ ಪೋಣಿಸಿದ ಒಂದು ಪುಟ್ಟ ದಾರ. ಶಿಶುಗೃಹಕ್ಕೆ ಬಂದ ದಿನ ಮಗುವಿನ ಕೈಯಲ್ಲಿ ಇದ್ದದ್ದೆಂದು ಕನ್ಯಾಸ್ತ್ರೀಯರು ನಮ್ಮ ಕೈಗೆ ಕೊಟ್ಟಿದ್ದರು. ಇಪ್ಪತ್ತೆಂಟು ವರ್ಷ ಅದನ್ನು ನಾವು ಅವಳಿಗೆ ತೋರಿಸಿರಲಿಲ್ಲ. ಆ ದಾರ ಕಟ್ಟಿದ ಕೈ ಯಾವುದೋ ನಮಗೆ ಗೊತ್ತಿಲ್ಲ. ಆದರೆ ಬಿಟ್ಟುಕೊಡುವ ಮುಂಚೆ ಮಗುವಿಗೆ ದೃಷ್ಟಿಯಾಗದಿರಲೆಂದು ಆ ಕೈ ಯೋಚಿಸಿತ್ತು.

ಆಗಲೇ ಮತ್ತೆ ಫೋನ್ ಮಾಡಿದೆವು. ಪತ್ನಿಯೇ ಹೇಳಿದಳು. ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ನಮ್ಮಿಬ್ಬರ ಎದೆಯೂ ಹೊಡೆದುಕೊಳ್ಳುತ್ತಿತ್ತು. ಕಡೆಗೆ ಕೇಳಿಬಂದ ಮಾತು ಇಷ್ಟು: "ಅಮ್ಮ, ಬರುವಾಗ ಅದನ್ನು ಕೈಚೀಲದಲ್ಲಿಯೇ ಇಟ್ಟುಕೋ. ದೊಡ್ಡ ಪೆಟ್ಟಿಗೆಗೆ ಹಾಕಬೇಡ, ಕಳೆದುಹೋದೀತು."

ಈಗ ನಮ್ಮ ಪಟ್ಟಿಯಲ್ಲಿ ದಿನಕ್ಕೆ ಎರಡೇ ಸ್ಥಳಗಳು. ಮೂರನೆಯ ದಿನ ದಾವೀದನ ಬದಲು ಆ ಮಕ್ಕಳ ಮನೆಗೇ ಮೊದಲ ಸ್ಥಾನ. ದಾವೀದನಿಗೆ ಮಧ್ಯಾಹ್ನ. ಕೊನೆಯ ದಿನ ಸಾಂತಾ ಕ್ರೋಚೆ ದೇವಾಲಯದಲ್ಲಿರುವ ಚಿಮಾಬುವೆಯ ಶಿಲುಬೆ. 1966ರ ನವೆಂಬರ್ 4ರ ಪ್ರವಾಹದಲ್ಲಿ ಆ ಚಿತ್ರದ ಬಣ್ಣದ ಬಹುಪಾಲು ಕೊಚ್ಚಿಹೋಯಿತು. ದುರಸ್ತಿ ಮಾಡಿದವರು ಹೋದ ಭಾಗವನ್ನು ಹೊಸದಾಗಿ ಚಿತ್ರಿಸಿ ಮರೆಮಾಚಲಿಲ್ಲ. ಹೋದದ್ದು ಹೋದದ್ದೆಂದು ಕಾಣುವಂತೆಯೇ ಉಳಿಸಿದರು. ಅದರ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕೆಂದಿದ್ದೇವೆ.

ಎರಡನೆಯ ದಿನ ಸಂತ ಮಾರ್ಕನ ಮಠಕ್ಕೆ. ಅಲ್ಲಿನ ಸನ್ಯಾಸಿಗಳ ಕೋಣೆಗಳ ಗೋಡೆಯ ಮೇಲೆ ಚಿತ್ರ ಬರೆದ ಫ್ರಾ ಆಂಜೆಲಿಕೊ ಅವರೂ ಡೊಮಿನಿಕನ್ ಸನ್ಯಾಸಿ. ಜಗದ್ಗುರು ಎರಡನೇ ಜಾನ್ ಪಾಲರು 1984ರಲ್ಲಿ ಅವರನ್ನು ಕಲಾವಿದರ ಪಾಲಕರೆಂದು ಸಾರಿದರು. ಮೆಟ್ಟಿಲು ಹತ್ತಿದೊಡನೆ ಅವರು ಬರೆದ ಮಂಗಳವಾರ್ತೆಯ ಚಿತ್ರ ಎದುರಾಗುತ್ತದೆ. ಈ ಚಿತ್ರದ ಮುಂದೆ ಹಾದುಹೋಗುವವರು ಮಾತೆಗೆ ನಮೋ ಮರಿಯಾ ಹೇಳದೆ ಸುಮ್ಮನೆ ದಾಟಬಾರದೆಂಬ ಎಚ್ಚರಿಕೆ ಅದರ ಕೆಳಗೆ ಲತೀನ್ ಭಾಷೆಯಲ್ಲಿದೆ. ಆ ಮಠದ ಮೆಟ್ಟಿಲುಗಳು ಎಷ್ಟೆಂದು ಪತ್ನಿ ಕೇಳಿದ್ದಾಳೆ. ಎಷ್ಟಿದ್ದರೂ ಹತ್ತುತ್ತಾಳಂತೆ.

ಈ ಬರಹವನ್ನು ಮಗಳಿಗೆ ಓದಿ ಹೇಳಿ, ಅವಳ ಒಪ್ಪಿಗೆ ಪಡೆದೇ ಪತ್ರಿಕೆಗೆ ಕಳುಹಿಸುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಬೀರುವಿನ ಒಳಗೆ ಇಂಥದೊಂದು ಪೊಟ್ಟಣವಿದ್ದರೆ, ಅದನ್ನು ತೆಗೆಯಲು ಫ್ಲಾರೆನ್ಸ್ ವರೆಗೆ ಹೋಗುವ ಅಗತ್ಯವಿಲ್ಲ. ನಮ್ಮ ಮೂವರ ಪ್ರಯಾಣ ಸುಖಕರವಾಗಲೆಂದು ದಯವಿಟ್ಟು ಪ್ರಾರ್ಥಿಸಿ.