ಪುಸ್ತಕದೊಳಗಿನ ಕಪ್ಪು ರಂಗೋಲಿ

ಈ ಸಲದ ಗೋಡೆ ಪತ್ರಿಕೆಗೆ "ಶಾಲೆಯಲ್ಲಿ ಮೊಬೈಲು ಬೇಕೋ ಬೇಡವೋ" ಎಂಬ ವಿಷಯದ ಮೇಲೆ ಬರೀರಿ ಅಂತ ಸರ್ ಹೇಳಿದರು. ಲಾಭ ಇಷ್ಟು, ನಷ್ಟ ಇಷ್ಟು ಅಂತ ಉಳಿದವರು ಬರೆದೇ ಬರೆದಿರುತ್ತಾರೆ. ನಾನು ನನ್ನ ಜೀವನದಲ್ಲಿ ನಡೆದ ಒಂದು ಸಂಗತಿ ಬರೆಯುತ್ತೇನೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ನಾನು ಒಂದನೇ ತರಗತಿ. ಕಾಗುಣಿತ ಅರ್ಧ ಬಂದಿತ್ತು, ಒತ್ತಕ್ಷರ ಬಂದಿರಲಿಲ್ಲ. ಆ ವರ್ಷ ವಿದ್ಯಾಗಮ ಅಂತ ಗುರುಗಳು ಗುಡಿ ಕಟ್ಟೆಗೇ ಬಂದು ಸ್ವಲ್ಪ ದಿನ ಪಾಠ ಹೇಳಿದರು. ಅದೂ ನಿಂತಿತು. ಆಮೇಲೆ ಮೊಬೈಲಿಗೆ ಪಾಠ ಬರತೊಡಗಿತು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಟಚ್ ಫೋನು. ಹಗಲೆಲ್ಲ ಅಪ್ಪನ ಕಿಸೆಯಲ್ಲಿ, ರಾತ್ರಿ ಅಣ್ಣನ ಕೈಯಲ್ಲಿ. "ನಂದು ಎಂಟನೇತ್ತ, ನಿಂದೇನು ಸಣ್ಣ ಪಾಠ" ಅಂತಿದ್ದ ಅಣ್ಣ. ನನ್ನ ಪಾಳಿ ಬರುವುದರೊಳಗೆ ನನಗೆ ನಿದ್ದೆ.

2021ರ ಅಕ್ಟೋಬರ್ 25ಕ್ಕೆ ನಮ್ಮ ತರಗತಿಗಳು ಮತ್ತೆ ಶುರುವಾದವು. ಆಗ ನಾನು ಮೂರನೇ ತರಗತಿ, ಆದರೆ ಓದಲಿಕ್ಕೆ ಬರುತ್ತಿರಲಿಲ್ಲ. ನಾಚಿಕೆ ಆಗಿ ಒಂದು ಉಪಾಯ ಮಾಡಿದೆ. ಪಕ್ಕದ ಗೆಳತಿ ಓದುವಾಗ ಕಿವಿಗೊಟ್ಟು ಕೇಳಿ ಬಾಯಿಪಾಠ ಮಾಡುವುದು, ನನ್ನ ಸರದಿ ಬಂದಾಗ ಸಾಲಿನ ಮೇಲೆ ಬೆರಳಾಡಿಸುತ್ತ ಹೇಳಿಬಿಡುವುದು. ಮನೆಯಲ್ಲೂ ಹಾಗೇ. ಅವ್ವ ಓದಿದವಳಲ್ಲ. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗಿ ಕೈ ಉರಿ ಮಾಡಿಕೊಂಡು ಬರುತ್ತಾಳೆ. ನಾನು ಪುಸ್ತಕ ಹಿಡಿದು ರಾಗವಾಗಿ ಪದ್ಯ ಹೇಳಿದರೆ, "ನನ್ನ ಮಗಳು ಹೆಂಗ ಓದ್ತಾಳ ನೋಡ್ರಿ" ಅಂತ ಓಣಿಯವರಿಗೆಲ್ಲ ಹೇಳುತ್ತಿದ್ದಳು.

ನಾಲ್ಕನೇ ತರಗತಿಯಲ್ಲಿ ಅಕ್ಕೋರು ತಮ್ಮ ಫೋನು ಮತ್ತು ಒಂದು ಸಣ್ಣ ಸ್ಪೀಕರ್ ತಂದರು. ಪುಸ್ತಕದಲ್ಲಿ ಕಪ್ಪು ರಂಗೋಲಿಯ ಹಾಗೆ ಒಂದು ಚೌಕ ಇರುತ್ತದಲ್ಲ, ಅದಕ್ಕೆ ಕ್ಯೂಆರ್ ಕೋಡ್ ಅನ್ನುತ್ತಾರೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಹಿರೊ ಹರಾ ಎಂಬುವರು ಜೊತೆಗಾರರ ಸಂಗಡ ಇದನ್ನು ಮಾಡಿದರಂತೆ. ಅದೂ ಪಾಠಕ್ಕೆ ಅಲ್ಲ, ಮೋಟಾರು ಗಾಡಿಯ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಮೂರು ಮೂಲೆಯಲ್ಲಿ ದೊಡ್ಡ ಚೌಕಗಳಿರುವುದರಿಂದ ಯಾವುದು ಮೇಲೆ ಯಾವುದು ಕೆಳಗೆ ಅಂತ ಫೋನಿಗೆ ತಿಳಿಯುತ್ತದೆ. ಪುಸ್ತಕ ತಲೆಕೆಳಗೆ ಹಿಡಿದರೂ, ಸ್ವಲ್ಪ ಮಸಿ ಬಿದ್ದಿದ್ದರೂ ನಡೆಯುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ದೀಕ್ಷಾ ಎಂಬ ಆ್ಯಪಿನಿಂದ ಅದನ್ನು ತೋರಿಸಿದರೆ ಆ ಪಾಠದ ವಿಡಿಯೋ, ಹಾಡು, ಪ್ರಶ್ನೆಗಳು ಬರುತ್ತವೆ.

ಎಲ್ಲರಿಗೂ ಖುಷಿ. ನನಗಂತೂ ಎಲ್ಲರಿಗಿಂತ ಹೆಚ್ಚು! ಯಾಕೆಂದರೆ ಈಗ ಗೆಳತಿಯ ಬಾಯಿ ಕಾಯುವ ಕೆಲಸ ಇರಲಿಲ್ಲ. ಎರಡು ಸಲ ಕೇಳಿದರೆ ಪೂರ್ತಿ ಪಾಠ ಬಾಯಿಗೆ ಬರುತ್ತಿತ್ತು. "ಭೇಷ್" ಅಂತ ಅಕ್ಕೋರು ಬೆನ್ನು ತಟ್ಟಿದರು. ಕಲಿಸಲಿಕ್ಕೆ ಬಂದ ಫೋನು ನನ್ನ ಕಳ್ಳತನಕ್ಕೆ ಸಹಾಯ ಮಾಡಿತು.

ಒಂದು ದಿನ ಮಳೆ ಬಂದು ನೆಟ್ವರ್ಕ್ ಇರಲಿಲ್ಲ. "ಇವತ್ತ ನೀವ ಓದ್ರಿ" ಅಂದರು ಅಕ್ಕೋರು. ನನ್ನನ್ನೇ ಮೊದಲು ಎಬ್ಬಿಸಿದರು. ನಾನು ಬೆರಳಿಟ್ಟು ಪಟಪಟ ಹೇಳಿದೆ. ಅಕ್ಕೋರು ಹತ್ತಿರ ಬಂದು ನಿಂತರು. ನನ್ನ ಪುಸ್ತಕದಲ್ಲಿ ತೆರೆದಿದ್ದದ್ದು ಬೇರೆ ಪಾಠದ ಪುಟ! ನನ್ನ ಕೈಕಾಲು ತಣ್ಣಗಾದವು. ಅಕ್ಕೋರು ಏನೂ ಅನ್ನದೆ, ಮೆಲ್ಲಗೆ ಪುಟ ತಿರುವಿ "ಕೂಡು" ಅಂದರು.

ಮಧ್ಯಾಹ್ನ ಊಟ ಆದ ಮೇಲೆ ಬೇವಿನ ಗಿಡದ ಕೆಳಗೆ ಕರೆದರು. ಹೊಸ ಪುಟ ಕೊಟ್ಟು ಓದಿಸಿದರು, ಫೋನಿನಲ್ಲಿ ನನ್ನ ದನಿ ರೆಕಾರ್ಡ್ ಮಾಡಿದರು. ಆಮೇಲೆ ನನಗೇ ಕೇಳಿಸಿದರು. "ಪು... ಪುಸ... ತಕ" ಅಂತ ತಡವರಿಸುವ ನನ್ನ ದನಿ ಕೇಳಿ ಅಳು ಬಂತು. "ಅಳಿಸಿಬಿಡ್ರಿ ಅಕ್ಕೋರ" ಅಂದೆ. "ಬ್ಯಾಡವ್ವಾ, ಇರ್ಲಿ. ದೀಪಾವಳಿ ಆದ ಮ್ಯಾಲ ಇಬ್ಬರೂ ಕೂಡಿ ಕೇಳೂಣು" ಅಂದರು.

ಅಂದಿನಿಂದ ದಿನಾ ಒಂದು ಪುಟ, ಶನಿವಾರಕ್ಕೊಂದು ರೆಕಾರ್ಡು. ತಪ್ಪಿದ ಕಡೆ ಫೋನು ನಿಲ್ಲಿಸಿ ಆ ಒತ್ತಕ್ಷರ ಹತ್ತು ಸಲ ಬರೆಯುವುದು. ದೀಪಾವಳಿ ಆದ ಮೇಲೆ ಹಳೆಯದು ಹೊಸದು ಎರಡನ್ನೂ ಕೇಳಿದೆವು. ಅಕ್ಕೋರ ಕಣ್ಣಲ್ಲಿ ನೀರಿತ್ತು, ನಾನು ಮಾತ್ರ ನಗುತ್ತಿದ್ದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಮೊಬೈಲು ಶಾಲೆಗೆ ಬೇಕು. ಆದರೆ ವಿಡಿಯೋ ಮುಗಿದ ಮೇಲೆ ಅದನ್ನು ಬದಿಗಿಟ್ಟು, ನೋಡದ ಪುಟ ಕೊಟ್ಟು ನಮ್ಮಿಂದ ಓದಿಸಬೇಕು ಅಂತ ಗುರುಗಳಲ್ಲಿ ನನ್ನ ವಿನಂತಿ. ದೀಕ್ಷಾದ ಪಾಠಗಳನ್ನು ನೆಟ್ವರ್ಕ್ ಇದ್ದಲ್ಲಿ ಮೊದಲೇ ಇಳಿಸಿಟ್ಟುಕೊಂಡರೆ ಮಳೆ ದಿನವೂ ತೋರಿಸಬಹುದು. ಇನ್ನು ಅಣ್ಣಂದಿರೇ, ಮನೆಯ ಫೋನಿನಲ್ಲಿ ತಂಗಿಯರಿಗೂ ಪಾಳಿ ಕೊಡಿರಿ. ಅವರ ಪಾಠ ಸಣ್ಣದಲ್ಲ.

ನಮ್ಮ ಶಾಲೆಯಲ್ಲಿ ಈಗಲೂ ನನ್ನ ಹಾಗೆ ಬೆರಳಾಡಿಸುವವರು ಇದ್ದರೆ ಅಂಜಬೇಡಿರಿ. ಊಟ ಆದ ಮೇಲೆ ಬೇವಿನ ಗಿಡದ ಕೆಳಗೆ ಬರ್ರಿ, ನಾನು ಅಲ್ಲೇ ಇರುತ್ತೇನೆ. ಯಾರಿಗೂ ಹೇಳುವುದಿಲ್ಲ.

ಅವ್ವಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಮುಂದಿನ ಪೋಷಕರ ಸಭೆಗೆ ಬಂದಾಗ ಇದೇ ಗೋಡೆಯ ಮುಂದೆ ನಿಲ್ಲಿಸಿ, ಮೊದಲಿನಿಂದ ಕೊನೆಯತನಕ ನಾನೇ ಓದಿ ಹೇಳುತ್ತೇನೆ.

– ಏಳನೇ ತರಗತಿಯ ವಿದ್ಯಾರ್ಥಿನಿ