ಹೊರೆಯ ಬೆಲೆ

ತಾಂಜಾನಿಯಾ ದೇಶದ ಕಿಲಿಮಂಜಾರೋ ಆಫ್ರಿಕಾ ಖಂಡದ ಅತ್ಯುನ್ನತ ಪರ್ವತ. ಎತ್ತರ 5,895 ಮೀಟರ್. ಹಗ್ಗ, ಕೊಕ್ಕೆಗಳ ಕಸರತ್ತಿಲ್ಲದೆ ನಡೆದೇ ಏರಬಹುದಾದ ಕಾರಣ ಪ್ರತಿವರ್ಷವೂ ಸಾವಿರಾರು ಜನರು ಅಲ್ಲಿಗೆ ಹೋಗುತ್ತಾರೆ. ಆದರೆ ಈ 'ನಡೆದೇ ಏರಬಹುದು' ಎಂಬ ಮಾತು ಅರ್ಧಸತ್ಯ. ಆರೇಳು ದಿನಗಳಿಗೆ ಬೇಕಾದ ಗುಡಾರ, ಧಾನ್ಯ, ತರಕಾರಿ, ಗ್ಯಾಸ್ ಸಿಲಿಂಡರ್, ಊಟದ ಮೇಜು, ಕುರ್ಚಿ ಎಲ್ಲವೂ ಮನುಷ್ಯರ ತಲೆ ಮತ್ತು ಬೆನ್ನುಗಳ ಮೇಲೆಯೇ ಏರಬೇಕು. ಏರುವವನೊಬ್ಬನಿಗೆ ಹೊರುವವರು ಸಾಮಾನ್ಯವಾಗಿ ಮೂವರಾದರೂ ಇರುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ಅವರಿಗೆ 'ವಗುಮು', ಅಂದರೆ ಗಟ್ಟಿಗರು ಎಂಬ ಹೆಸರಿದೆ. ಹೊಗಳಿಕೆಯೇ ಸರಿ, ಆದರೆ ಗಟ್ಟಿಗರೆಂದು ಕರೆದ ಮೇಲೆ ಅವರಿಗೆ ಚಳಿಯಾಗುತ್ತದೆಯೇ ಎಂದು ಕೇಳುವವರು ಕಡಿಮೆ.

ನಾನು ರೋಮ್ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಆ ಪರ್ವತದ ತಪ್ಪಲಿನ ಗುರುವೊಬ್ಬರು ನನ್ನ ಸಹಪಾಠಿಯಾಗಿದ್ದರು. ಮನೆಯ ಸುತ್ತ ಬಾಳೆ, ಬಾಳೆಯ ನೆರಳಿನಲ್ಲಿ ಕಾಫಿ: ಅವರ ಊರಿನ ವರ್ಣನೆ ಚಿಕ್ಕಮಗಳೂರಿನವರಿಗೆ ಪರಕೀಯವೆನಿಸದು. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಊರಿನ ತರುಣರು ಪರ್ವತದ ದ್ವಾರದಲ್ಲಿ ಕೂಲಿಗಾಗಿ ನಿಲ್ಲುತ್ತಿದ್ದರಂತೆ. ಅವರ ಹಿರಿಯಣ್ಣನೂ ಹೊರೆಯಾಳು. "ಅಣ್ಣ ಮನೆಗೆ ಬಂದರೆ ಬೆಟ್ಟದ ಚಳಿಯ ಸುದ್ದಿ ಎತ್ತುತ್ತಿರಲಿಲ್ಲ, ಬೆಟ್ಟದ ಹಸಿವನ್ನು ಮಾತ್ರ ಹೇಳುತ್ತಿದ್ದ" ಎಂದು ಅವರು ಒಮ್ಮೆ ಊಟಕ್ಕೆ ಕುಳಿತಾಗ ನುಡಿದರು. ಅನಂತರ ಬೇರೆ ಮಾತಿಗೆ ಹೊರಳಿದರು.

ಆ ಹಸಿವಿನ ಹಿಂದೆ ಬಡತನಕ್ಕಿಂತ ಹೆಚ್ಚಾಗಿ ಒಂದು ಲೆಕ್ಕಾಚಾರವಿದೆ. ರಾಷ್ಟ್ರೀಯ ಉದ್ಯಾನದ ಶುಲ್ಕ ಡಾಲರುಗಳಲ್ಲಿ ನಿಗದಿಯಾಗಿದ್ದು, ಎಲ್ಲ ಕಂಪನಿಗಳೂ ಅದನ್ನು ಸಮನಾಗಿ ಕಟ್ಟಲೇಬೇಕು. ಹಾಗಿದ್ದೂ ಒಂದು ಕಂಪನಿ ಇನ್ನೊಂದಕ್ಕಿಂತ ಬಹಳ ಅಗ್ಗವಾಗಿ ಕರೆದೊಯ್ಯುತ್ತದೆಯಾದರೆ, ಆ ಉಳಿತಾಯವನ್ನು ಹೆಚ್ಚಾಗಿ ಹೊರೆಯಾಳಿನ ತಟ್ಟೆಯಿಂದ, ಹಾಸಿಗೆಯಿಂದ, ಕೂಲಿಯಿಂದಲೇ ಎತ್ತಿರಬೇಕು. ಮೂರು ಊಟ ಒಂದಾಗುತ್ತದೆ. ಪ್ರತ್ಯೇಕ ಗುಡಾರವಿಲ್ಲದೆ, ಅತಿಥಿಗಳು ಉಂಡೆದ್ದ ಮೇಲೆ ಅದೇ ಊಟದ ಗುಡಾರದೊಳಗೆ ಒತ್ತೊತ್ತಾಗಿ ಮಲಗಬೇಕಾಗುತ್ತದೆ. ಕಂಪನಿಯ ಹೊರೆ ಒಬ್ಬನಿಗೆ 20 ಕಿಲೋ ಮೀರಬಾರದೆಂಬ ನಿಯಮವಿದ್ದು ದ್ವಾರದಲ್ಲಿ ತೂಕ ಹಾಕುತ್ತಾರೆ. ಆದರೆ ತಕ್ಕಡಿ ದಾಟಿದ ಮೇಲೆ ಹೊರೆಗಳು ಬದಲಾಗುತ್ತವೆಂಬ ದೂರು ಹಳೆಯದು. ಪ್ರವಾಸಿಗಳು ಕೊನೆಯ ದಿನ ಪ್ರೀತಿಯಿಂದ ಕೊಡುವ ಭಕ್ಷೀಸಾದರೂ ಕೈಸೇರೀತೇ? ಒಟ್ಟು ಹಣ ಒಬ್ಬನ ಕೈಗೆ ಹೋದರೆ ಅದು ಹೊರೆಯಾಳಿನವರೆಗೆ ಇಳಿಯುವಷ್ಟರಲ್ಲಿ ಕರಗಿಹೋಗುವುದುಂಟು.

4,600 ಮೀಟರಿಗೂ ಮೇಲೆ 'ಬರಾಫು' ಎಂಬ ಶಿಬಿರವಿದೆ. ಹಾಗೆಂದರೆ ಹಿಮ, ನಾವು ಕೇಳಿಬಲ್ಲ 'ಬರ್ಫ್' ಶಬ್ದದ ಸೋದರ. ಅತಿಥಿಗಳು ನಡುರಾತ್ರಿಯಲ್ಲಿ ಮಾರ್ಗದರ್ಶಿಗಳೊಡನೆ ಶಿಖರಕ್ಕೆ ಹೊರಟಾಗ ಹೊರೆಯಾಳುಗಳಲ್ಲಿ ಬಹುಪಾಲು ಜನರು ಅಲ್ಲೇ ಉಳಿಯುತ್ತಾರೆ. ಶಿಖರದ ಹೆಸರು 'ಉಹುರು', ಅಂದರೆ ಸ್ವಾತಂತ್ರ್ಯ.

ಈ ಸ್ಥಿತಿಯನ್ನು ತಿದ್ದಲೆಂದು 2003ರಲ್ಲಿ 'ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್' ಎಂಬ ಸಂಸ್ಥೆ ಆರಂಭವಾಯಿತು. ಮೋಶಿ ಪಟ್ಟಣದಲ್ಲಿ ಅದು ಹೊರೆಯಾಳುಗಳಿಗೆ ಬೆಚ್ಚನೆಯ ಉಡುಪು, ಬೂಟುಗಳನ್ನು ಬಾಡಿಗೆಯಿಲ್ಲದೆ ಎರವಲು ಕೊಡುತ್ತದೆ. ಇದಕ್ಕಿಂತಲೂ ದೊಡ್ಡ ಕೆಲಸವೆಂದರೆ, ಕಂಪನಿಗಳು ನಿಜವಾಗಿ ಎಷ್ಟು ಕೂಲಿ ಕೊಟ್ಟವು, ಎಷ್ಟು ಹೊರಿಸಿದವು ಎಂಬುದನ್ನು ಹೊರೆಯಾಳುಗಳಿಂದಲೇ ತಿಳಿದು, ನ್ಯಾಯವಾಗಿ ನಡೆದುಕೊಳ್ಳುವ ಕಂಪನಿಗಳ ಹೆಸರನ್ನು ಪ್ರಕಟಿಸುವುದು. 2020ರ ಸುಮಾರಿಗೆ ಅದು ಅಳತೆಗೋಲಾಗಿ ಇಟ್ಟುಕೊಂಡಿದ್ದ ಕನಿಷ್ಠ ದಿನಗೂಲಿ 20,000 ಶಿಲ್ಲಿಂಗ್. ಹತ್ತು ಡಾಲರಿಗೂ ಕಡಿಮೆ. ಅಷ್ಟನ್ನು ಕೊಡಿಸುವುದಕ್ಕೂ ಇಷ್ಟು ಕಾವಲು ಬೇಕಾಯಿತು! ಪೆರು ದೇಶದ ಇಂಕಾ ಹಾದಿಯಲ್ಲೂ ಹೊರೆಯ ಮಿತಿಯನ್ನು 2001ರಲ್ಲಿ ಶಾಸನದಿಂದಲೇ ಗೊತ್ತುಪಡಿಸಬೇಕಾಯಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನಿಗೆ ಕಿಲಿಮಂಜಾರೋ ಏರುವ ಆಸೆ. ಹೋದ ವರ್ಷ ರಜೆಯಲ್ಲಿ ಬಂದವನು ಮೊಬೈಲಿನಲ್ಲಿ ದರಪಟ್ಟಿ ತೋರಿಸಿ, "ಮಾವ, ಎಲ್ಲರಿಗಿಂತ ಇವರದೇ ಕಡಿಮೆ" ಎಂದ. "ಯಾವುದನ್ನು ಕಡಿಮೆ ಮಾಡಿದರು ಅಂತ ಕೇಳಿದೆಯಾ?" ಎಂದೆ. "ಆ ಕೂಲಿಯೂ ಇಲ್ಲದಿದ್ದರೆ ಅವರು ಏನು ಮಾಡುತ್ತಾರೆ?" ಎಂದು ನನ್ನನ್ನೇ ಕೇಳಿದ. ನಮ್ಮಲ್ಲಿಯೂ ಬಹಳ ಕೇಳಿಬರುವ ವಾದವಿದು. ಕೆಲಸ ಬೇಕು, ನಿಜ. ಆದರೆ ಅವನ ಅಗತ್ಯವೇ ನಮಗೆ ರಿಯಾಯಿತಿಯಾಗಬೇಕೇ? ಕೂಲಿ ಕಂಪನಿಯ ಕೈಯಿಂದ ಬಂದರೂ ಹಣ ಏರುವವನದು. ಏರುವವನೂ ಒಬ್ಬ ಧಣಿಯೇ.

ಹುಡುಗ ವಾದ ಮುಂದುವರಿಸದೆ ಮೂರು ಕಂಪನಿಗಳಿಗೆ ಪತ್ರ ಬರೆದ. ದಿನಗೂಲಿ ಎಷ್ಟು? ಎಷ್ಟು ಹೊತ್ತು ಊಟ? ಎಲ್ಲಿ ಮಲಗುತ್ತಾರೆ? ಭಕ್ಷೀಸನ್ನು ಎಲ್ಲರೆದುರು ಹಂಚುತ್ತೀರಾ? ಒಂದು ಕಂಪನಿ ಪ್ರತಿಯೊಂದಕ್ಕೂ ಅಂಕಿ ಸಮೇತ ಉತ್ತರಿಸಿತು. ಇನ್ನೊಂದು, "ನಮ್ಮದು ಒಂದೇ ಕುಟುಂಬ" ಎಂದು ಬರೆಯಿತು. ಅಗ್ಗದ ಕಂಪನಿ ಉತ್ತರಿಸಲಿಲ್ಲ.

ಅಂಕಿ ಕೊಟ್ಟ ಕಂಪನಿಯ ದರ ಹೆಚ್ಚು. ಉಳಿತಾಯ ಸಾಲದೆ ಅವನು ಪ್ರಯಾಣವನ್ನು ಜನವರಿಯಿಂದ ಸೆಪ್ಟೆಂಬರಿಗೆ ಮುಂದೂಡಿದ. ನನ್ನ ತಂಗಿ ಮೊದಲು ನನ್ನ ಮೇಲೆಯೇ ಸಿಡುಕಿದಳು. ಈಗ ಮೋಶಿಯ ಆ ಉಡುಪಿನ ಕೋಣೆಗೆಂದು ನೆಂಟರಿಷ್ಟರ ಮನೆಗಳಿಂದ ಸ್ವೆಟರು, ಉಣ್ಣೆಯ ಟೋಪಿ, ಕಾಲುಚೀಲಗಳನ್ನು ಕೂಡಿಸುತ್ತಿದ್ದಾಳೆ; ಚೀಲ ಏಳು ಕಿಲೋ ಆಗಿದೆಯಂತೆ.