ಗಾಲಿಯ ಮೇಲಿನ ಅಡುಗೆಮನೆ

ಪ್ರವಾಸ ಹೋದರೂ ಅಡುಗೆಮನೆ ನಮ್ಮ ಬೆನ್ನು ಬಿಡುವುದಿಲ್ಲವೆಂದು ಹೆಂಗಸರು ನಗುತ್ತಾ ಹೇಳುವುದುಂಟು. ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡಿನಲ್ಲಿ ಅದು ನಿಜಕ್ಕೂ ನಮ್ಮ ಹಿಂದೆಯೇ ಬಂತು! ಮೆಲ್ಬರ್ನಿನ ಮಗಳು, ಅಳಿಯ ಬಾಡಿಗೆಗೆ ತಂದ ಕ್ಯಾರವಾನಿನಲ್ಲಿ ಒಲೆ, ಫ್ರಿಜ್ಜು, ಸಿಂಕು, ನಾಲ್ವರಿಗೆ ಹಾಸಿಗೆ ಎಲ್ಲವೂ ಇದ್ದವು.

ಟಾರ್ಕಿಯಿಂದ ಅಲನ್ಸ್‌ಫೋರ್ಡಿನವರೆಗೆ ಸುಮಾರು 240 ಕಿ.ಮೀ. ದಾರಿ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸುಮಾರು 3000 ಸೈನಿಕರು, ಮಡಿದ ಗೆಳೆಯರ ನೆನಪಿಗಾಗಿ, ಗುದ್ದಲಿ ಪಿಕಾಸಿ ಹಿಡಿದು ಬೆಟ್ಟ ಕಡಿದು ಮಾಡಿದ ರಸ್ತೆ. ಕೆಲಸ 1919ರಲ್ಲಿ ಶುರುವಾಗಿ 1932ರಲ್ಲಿ ಮುಗಿಯಿತು. ತಿರುವು ತಿರುವಿಗೂ ಕೆಳಗೆ ಸಮುದ್ರ. ಹಿಂದೆ ನಮ್ಮ ಪಾತ್ರೆಗಳ ಸದ್ದು.

ಪೋರ್ಟ್ ಕ್ಯಾಂಪ್‌ಬೆಲ್ಲಿನಲ್ಲಿ ಕ್ಯಾರವಾನು ಕಳಚಿ ನಿಲ್ಲಿಸಿ, ಸೂರ್ಯಾಸ್ತಕ್ಕೆ ‘ಟ್ವೆಲ್ವ್ ಅಪಾಸಲ್ಸ್’ ನೋಡಲು ಕಾರಿನಲ್ಲಿ ಹೊರಟೆವು. ಮಗಳು ಮಾತ್ರ ಅಕ್ಕಿ ತೊಳೆಯುತ್ತಿದ್ದಳು. “ನೀವು ಹೋಗಿ ಬನ್ನಿ ಅಮ್ಮಾ, ಅಷ್ಟರಲ್ಲಿ ಅನ್ನ, ಸಾರು ಆಗಿರುತ್ತೆ.”

ಇದೇ ಮಾತನ್ನು ನನ್ನ ಅಮ್ಮ ಹೇಳಿದ್ದಳು, ನಾನೂ ಎಷ್ಟೋ ಸಲ ಹೇಳಿದ್ದೆ. ಒಲೆ ಆರಿಸಿ, “ಬ್ರೆಡ್ಡಿದೆ, ಮೊಸರಿದೆ. ನಡಿ” ಎಂದೆ.

ಆ ಸುಣ್ಣಕಲ್ಲಿನ ಕಂಬಗಳು ಹೆಸರಿಗಷ್ಟೇ ಹನ್ನೆರಡು. ಅಲೆಗಳು ಬುಡ ಕೊರೆದು 2005ರಲ್ಲಿ ಒಂದು ಕುಸಿದೇಹೋಯಿತು. ಸಮೀಪದ ‘ಲಂಡನ್ ಬ್ರಿಡ್ಜ್’ ಎಂಬ ಬಂಡೆಯ ಕಮಾನೂ 1990ರಲ್ಲಿ ಮುರಿದು, ತುದಿಯಲ್ಲಿ ಸಿಕ್ಕಿಕೊಂಡ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಕರೆತಂದರಂತೆ. ಇದ್ದಾಗಲೇ ನೋಡಬೇಕು.

ಕಂಬಗಳು ಕೆಂಪಾಗಿ ಕಪ್ಪಾಗುವವರೆಗೂ ಮಗಳು ಕಟಕಟೆ ಹಿಡಿದು ನಿಂತೇ ಇದ್ದಳು. ಮರಳಿದ ಮೇಲೆ ಅಳಿಯಂದಿರೇ ಕುಕ್ಕರ್ ಇಟ್ಟರು. ಅನ್ನ ತುಸು ಮುದ್ದೆಯಾಗಿತ್ತು. ನಮ್ಮ ಯಜಮಾನರು ಎರಡು ಸಲ ಬಡಿಸಿಕೊಂಡರು.